ಎತ್ತಿನ ಪದದಲ್ಲಿ ಹುಲಿ

ತೊಗರಿ ಕೊಯ್ಲು ಮುಗಿಯುತ್ತ ಬಂದಿತ್ತು. ನಿಂಬರ್ಗಾದ ಹೊಲಗಳಲ್ಲಿ ರಾಶಿ ಮಾಡುವ ಯಂತ್ರಗಳ ಸದ್ದು, ಗಾಳಿಯ ತುಂಬ ಹೊಟ್ಟು. ಯಂತ್ರದ ಬಾಯಿಗೆ ತೊಗರಿಯ ಕಟ್ಟುಗಳನ್ನು ಕೊಡುತ್ತಿದ್ದ ಲಾಡ್ಲೆಸಾಬ ನಡುನಡುವೆ ಕೈಬಿಟ್ಟು ನಿಲ್ಲುತ್ತಿದ್ದ. ತುಟಿ ಮಾತ್ರ ಅಲುಗುತ್ತಿತ್ತು.

“ಗುರುಪಾದಣ್ಣನ ಬಿಳಿಯೆತ್ತು ನಿನ್ನಿಯಿಂದ ಎದ್ದಿಲ್ಲಂತ್ರಿ,” ಎಂದಳು ಹೆಂಡತಿ ನಜಮುನ್ನಿಸಾ. “ಅದು ಸತ್ತ ಮ್ಯಾಲೆ ಯಾರ ಮುಂದ ಹಾಡ್ತೀರಿ?”

ಅವನನ್ನು ಕೊರೆಯುತ್ತಿದ್ದದ್ದೂ ಅದೇ. ಮಳೆಗಾಲದಲ್ಲಿ ಮಗಳು ಯಾಸ್ಮೀನಳನ್ನು ಹೆರಿಗೆಗೆ ಒಯ್ಯುತ್ತಿದ್ದ ಟ್ರ್ಯಾಕ್ಟರ್ ಎರೆಮಣ್ಣಿನಲ್ಲಿ ಹೂತಿತ್ತು. ಗುರುಪಾದ ಗಾಡಿ ಕಟ್ಟಿಕೊಂಡು ಬಂದ. ಹಳ್ಳದ ಏರಿಯಲ್ಲಿ ಒಂದು ಎತ್ತು ಮೊಣಕಾಲೂರಿತು. ಜೋಡಿಯ ಬಿಳಿಯೆತ್ತು ಗಾಡಿಯನ್ನೂ ಅದನ್ನೂ ಎಳೆದುಕೊಂಡೇ ದಂಡೆ ಹತ್ತಿತು. “ನಿನ್ನ ಎತ್ತಿನ ಮ್ಯಾಲೆ ಪದ ಕಟ್ತೇನಿ,” ಎಂದು ಲಾಡ್ಲೆಸಾಬ ಅಲ್ಲೇ ಮಾತು ಕೊಟ್ಟಿದ್ದ. ಮೊಹರಮ್ಮಿನ ಹುಲಿವೇಷಕ್ಕೆ ಪದ ಕಟ್ಟುವವನು ಅವನೇ.

ಮಧ್ಯಾಹ್ನ ಕೆಲಸ ಬಿಟ್ಟು ಕೊಟ್ಟಿಗೆಗೆ ಹೋದ. ಗುರುಪಾದ ಎತ್ತಿನ ಪಕ್ಕ ಕೂತು ಅದರ ಹೆಗಲು ತಿಕ್ಕುತ್ತಿದ್ದ. ಲಾಡ್ಲೆಸಾಬ ನಿಂತೇ ಹಾಡಿದ:

“ಹುಲಿಯಂಗ ಗುಡುಗಿ ಹಳ್ಳವ ಹಾರಿತ್ತ…”

“ಏ ಲಾಡ್ಲ್ಯಾ, ಹುಲಿ ಎಲ್ಲಿಂದ ಬಂತಲೇ? ಹೆಸರು ಕೇಳಿದ್ರ ಈ ಎತ್ತು ಕಣ್ಣಿ ಹರ್ಕೊಂಡು ಓಡ್ತದ!”

“ಶಕ್ತಿ ತೋರಸಾಕ ಹಾಕೀನಿ, ಅಣ್ಣ.”

“ಶಕ್ತಿ ಹುಲೀದಾತು. ನನ್ನ ಎತ್ತಿಂದೆಲ್ಲಿ?”

ಲಾಡ್ಲೆಸಾಬ ಹೊರಗೆ ಹೋದ, ಮತ್ತೆ ಬಂದ. “ಆನೆ ಅನ್ನಲೇನು?”

“ಹಾಕು, ಒಂಟೀನೂ ಹಾಕು. ಎತ್ತೊಂದು ಬಿಟ್ಟು ಎಲ್ಲಾ ಬರ್ಲಿ.”

ಎತ್ತು ಗದ್ದವನ್ನು ನೆಲಕ್ಕಿಟ್ಟು ಮಲಗಿತ್ತು. ಅದರ ಉಸಿರಿಗೆ ಮೂಗಿನ ಮುಂದಿನ ಹೊಟ್ಟು ಹಾರಿ, ಬೊಗಸೆಯಷ್ಟು ನೆಲ ಬರಿದಾಗಿತ್ತು. ಲಾಡ್ಲೆಸಾಬ ಅದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತ. ಮಗಳನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಟ್ರ್ಯಾಕ್ಟರ್ ತೆಗೆಯಲು ಹೋದಾಗ ಹಳ್ಳದ ಏರಿಯಲ್ಲಿ ಕಂಡದ್ದು ನೆನಪಾಯಿತು. ಅಲ್ಲಿ ಎತ್ತೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಈ ಸಲ ಮೆಲ್ಲಗೆ ಹೇಳಿದ:

“ಬಿಳಿಯೆತ್ತು ಊರಿದ ಹೆಜ್ಜೀಯೆ ಕೆರಿಯಾಗಿ
ಗುಬ್ಬಿಗಳು ಇಳಿದಾವ ಜಳಕಕ್ಕ.”

ಹೆಗಲು ತಿಕ್ಕುತ್ತಿದ್ದ ಗುರುಪಾದನ ಕೈ ನಿಂತಿತು.

“ಮುಂದ?”

“ಇಷ್ಟೇ ಬಂದದ.”

“ಅದರ ಕಿವ್ಯಾಗ ಇನ್ನೊಮ್ಮೆ ಹೇಳು.”

ಹೇಳಿದ. ಎತ್ತಿನ ಕಿವಿ ಅಲುಗಿತು, ನೊಣಕ್ಕೋ ಏನೋ.

“ಅರ್ಧ ಋಣ ಮುಟ್ಟಿತು,” ಎಂದ ಗುರುಪಾದ, ಎತ್ತಿನ ಮುಖ ಬಿಟ್ಟು ಬೇರೆಲ್ಲೂ ನೋಡದೆ. “ಉಳಿದರ್ಧ ಲಗೂ ತಾ. ಇದಕ್ಕ ಪುರುಸೊತ್ತಿಲ್ಲ.”

ಲಾಡ್ಲೆಸಾಬ ಹೊಲದ ಕಡೆ ಹೊರಟವನು ಊರ ಅಗಸೆಬಾಗಿಲಲ್ಲಿ ನಿಂತ, ಯಂತ್ರದ ಸದ್ದಿನ ಕಡೆ ನೋಡಿದ, ತಿರುಗಿ ಹಳ್ಳದ ದಾರಿ ಹಿಡಿದ.