ಬೇಸಿಗೆ ದಾಟಿದ ಮೀನು

ಬೆಳಗಿನ ಚಳಿ, ಒದ್ದೆ ಕಾಲು, ಉತ್ಸಾಹ ಉಕ್ಕುವ ಜನ, ಇವು ಮೂರೂ ನನಗೆ ಅಷ್ಟಕ್ಕಷ್ಟೆ. ಆ ಭಾನುವಾರ ಮೂರೂ ಒಟ್ಟಿಗೇ ವಕ್ಕರಿಸಿದವು.

ಫೆಬ್ರವರಿ ತಿಂಗಳು. ಜಾರ್ಜ್‌ಟೌನ್‌ನ ಮನೆಯಿಂದ ಕತ್ತಲಲ್ಲೇ ಹೊರಟು, ಆಸ್ಟಿನ್ ದಾಟಿ, ಗ್ವಾಡಲೂಪೆ ನದಿಯ ದಂಡೆಯಲ್ಲಿ ಕಾರು ನಿಲ್ಲಿಸುವಷ್ಟರಲ್ಲಿ ಸೀಡರ್ ಮರಗಳ ಪರಾಗಕ್ಕೆ ನನ್ನ ಮೂಗು ನಲ್ಲಿಯಾಗಿತ್ತು. ತಿಮ್ಮಯ್ಯ ಹ್ಯೂಸ್ಟನ್‌ನಿಂದ ನಮಗಿಂತ ಮುಂಚೆಯೇ ಬಂದು, ಎದೆವರೆಗಿನ ರಬ್ಬರ್ ಪ್ಯಾಂಟು ತೊಟ್ಟು, ಮದುವೆಮನೆಯ ಯಜಮಾನರ ಹಾಗೆ ನಗುತ್ತ ನಿಂತಿದ್ದರು. ಕೊಡಗಿನವರು, ನಮ್ಮ ಹಳೆಯ ಸ್ನೇಹಿತರು. ಎಣ್ಣೆ ಕಂಪನಿಯಿಂದ ರಿಟೈರ್ ಆದಮೇಲೆ ಮೀನು ಹಿಡಿಯುವುದೇ ಅವರ ಕೆಲಸ. ಹಿಡಿದದ್ದನ್ನೆಲ್ಲ ಮತ್ತೆ ನೀರಿಗೆ ಬಿಡುತ್ತಾರೆ. ಇದೆಂಥ ಕೆಲಸವೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಬಂದದ್ದು ನನ್ನ ಹೆಂಡತಿ ಅನುಸೂಯಾಳ ಸಲುವಾಗಿ. ಕಳೆದ ವರ್ಷ ಅವಳ ಬಲ ಸ್ತನದ ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ಅಂದಿನಿಂದ ಬಲಗೈಯಲ್ಲಿ ಅರ್ಧ ಜೋಮು, ಅರ್ಧ ನೋವು. ಅವಳಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, ನೊಣದಂಥ ಗಾಳ ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗ್ ಮಾಡಿ ನೋಡಿ, ಆ ಎಸೆತ ಈ ಕೈಗೆ ಒಳ್ಳೆಯದು ಎಂದಳಂತೆ. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ದೇವರ ಬಾಳೆಹಣ್ಣು ಹೆಚ್ಚದ ನನ್ನ ಹೆಂಡತಿ ತಕ್ಷಣ ಒಪ್ಪಿಕೊಂಡಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ನದಿಯಲ್ಲ, ಮಾರನೆಯ ದಿನದ ಸೋಮವಾರ. ಹೊಸ ಸ್ಕ್ಯಾನಿನಲ್ಲಿ ಮತ್ತೊಂದು ಚುಕ್ಕೆ ಕಂಡಿತ್ತು. ಇನ್ನೊಂದು ಸುತ್ತು ಔಷಧಿ ಕೊಡಬೇಕು, ಬೇಸಿಗೆ ಮುಗಿಯುವವರೆಗೂ ನಡೆಯುತ್ತದೆ, ಚೆನ್ನಾಗಿ ಗುಣವಾಗುವ ಸಾಧ್ಯತೆ ಇದೆ, ಸೋಮವಾರ ನಿಮ್ಮ ತೀರ್ಮಾನ ಹೇಳಿ ಎಂದಿದ್ದರು ಡಾಕ್ಟರು. ಅನುಸೂಯಾ ಮನೆಗೆ ಬಂದವಳೇ ಬೇಡ ಎಂದುಬಿಟ್ಟಳು.

"ಸಾಕು ರೀ. ಹೋದ ಬೇಸಿಗೆ ಹೇಗೆ ಕಳೀತು ಅಂತ ನಂಗೆ ನೆನಪೇ ಇಲ್ಲ. ಇನ್ನೊಂದು ಬೇಸಿಗೆ ಹಾಗೆ ಬೇಡ."

ಫ್ರಿಸ್ಕೋದಿಂದ ಮಗಳು ನಿಶಿತಾ ಫೋನಿನಲ್ಲಿ ಅತ್ತಳು. ನಾನು ರೇಗಿದೆ. ಆಮೇಲೆ ಕೈಮುಗಿದೆ. ಅವಳು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ, "ಹೂ ಕೇಳ್ತೀನಿ, ಬಲಗಡೆ ಬಿದ್ರೆ ಔಷಧಿ ತಗೋತೀನಿ" ಎಂದಳು. ಅವಳ ತವರಿನ ಅಮ್ಮನವರ ಗುಡಿಯಲ್ಲಿ ಆ ಪದ್ಧತಿ ಇದೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ದೇವಿಯ ಮುಂದೆ ಕೂರಬೇಕು. ಮೂರ್ತಿಗೆ ಮುಡಿಸಿದ ಹೂ ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಇಲ್ಲಿನ ದೇವಸ್ಥಾನದ ಅರ್ಚಕರನ್ನು ಕೇಳಿದರೆ, ನಮ್ಮಲ್ಲಿ ಹಾಗೆ ಮಾಡೋದಿಲ್ಲಮ್ಮ ಎಂದರು. ಸದ್ಯ, ಪೀಡೆ ತೊಲಗಿತು ಎಂದುಕೊಂಡಿದ್ದೆ.

ತಿಮ್ಮಯ್ಯ ಒಂದು ಪುಟ್ಟ ಡಬ್ಬಿ ತೆರೆದು ತೋರಿಸಿದರು. ಒಳಗೆ ಅಕ್ಕಿಕಾಳಿನಷ್ಟು ಗಾತ್ರದ ನೊಣಗಳು. ನಿಜವಾದವಲ್ಲ, ಸಣ್ಣ ಕೊಕ್ಕೆಗೆ ದಾರವನ್ನೂ ನವಿಲುಗರಿಯ ಎಳೆಯನ್ನೂ ಸುತ್ತಿ ಮಾಡಿದವು.

"ಈ ಕೊಕ್ಕೆಗೆ ಹಿಮ್ಮುಳ್ಳಿಲ್ಲ ನೋಡಿ. ತುಟಿಗೆ ಸಿಕ್ತದೆ, ಮೆಲ್ಲಗೆ ತೆಗೆದ್ರೆ ಬಂದುಬಿಡ್ತದೆ. ಮೀನು ಅದರ ಪಾಡಿಗೆ ಹೋಗ್ತದೆ" ಎಂದರು.

"ನೋವಾಗಲ್ವಾ?" ಎಂದಳು ಅನುಸೂಯಾ.

"ಆಗೋದಿಲ್ಲ ಅಂತ ನಾನು ಹೇಗೆ ಹೇಳ್ಲಿ ಅನುಸೂಯಾ ಅವ್ರೇ? ಆಗ್ತದೆ. ಆದ್ರೆ ಬದುಕ್ತದೆ."

ಅವಳು ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಹಿಡಿಸಿತು. ವರ್ಷವಿಡೀ ಅವಳ ಹತ್ತಿರ ಯಾರೂ ಅಷ್ಟು ನೆಟ್ಟಗೆ ಮಾತಾಡಿರಲಿಲ್ಲ.

ತಿಮ್ಮಯ್ಯ ನಮಗೂ ತಂದಿದ್ದ ಅಂಥದೇ ರಬ್ಬರ್ ಪ್ಯಾಂಟು ತೊಟ್ಟು ನೀರಿಗೆ ಇಳಿದೆವು. ಮೊಣಕಾಲು ಮುಳುಗುವಷ್ಟು ನೀರು, ರಬ್ಬರಿನ ಮೇಲಿಂದಲೇ ಮೂಳೆಗೆ ತಾಗುವ ಚಳಿ. ಎರಡೂ ದಡದಲ್ಲಿ ಎಲೆ ಉದುರಿದ ಸೈಪ್ರೆಸ್ ಮರಗಳು ಬೇರುಗಳನ್ನು ನೀರಿಗೆ ಇಳಿಬಿಟ್ಟು ನಿಂತಿದ್ದವು. ನೀರಿನ ಮೇಲೆ ಹಬೆ ಏಳುತ್ತಿತ್ತು. ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ನನ್ನ ಸಿಡಿಮಿಡಿ ಅಲ್ಲಿಗೆ ಬಾಯಿ ಮುಚ್ಚಿತು. ಇಷ್ಟು ವರ್ಷದಿಂದ ಈ ನದಿಯ ಮೇಲಿನ ಸೇತುವೆಯಲ್ಲಿ ಕಾರು ಓಡಿಸಿದ್ದೇನೆ, ಒಂದು ಸಲವೂ ಕೆಳಗೆ ಬಗ್ಗಿ ನೋಡಿರಲಿಲ್ಲ.

"ಈ ಮೀನುಗಳು ಇಲ್ಲಿಯವೇನಾ?" ಅನುಸೂಯಾ ಕೇಳಿದಳು.

"ಇಲ್ಲಿಯವು ಎಲ್ಲಿಂದ ಬರ್ಬೇಕು? ಟ್ರೌಟ್ ಅಂದ್ರೆ ಚಳಿ ನಾಡಿನ ಮೀನು. ಸಾಕಿದ ಮೀನುಗಳನ್ನ ಚಳಿಗಾಲದಲ್ಲಿ ಲಾರಿಯಲ್ಲಿ ತಂದು ಬಿಡ್ತಾರೆ. ಬೇಸಿಗೆ ಬಂತು ಅಂದ್ರೆ ನೀರು ಬಿಸಿ ಆಗ್ತದೆ, ಹೆಚ್ಚಿನವು ಸಾಯ್ತವೆ." ತಿಮ್ಮಯ್ಯ ನದಿಯ ಮೇಲ್ಭಾಗಕ್ಕೆ ಕೈ ತೋರಿಸಿದರು. "ಅಲ್ಲಿ ಡ್ಯಾಮ್ ಉಂಟಲ್ಲ, ಅದರ ತಳದಿಂದ ಬರೋ ನೀರು ಬೇಸಿಗೆಯಲ್ಲೂ ತಣ್ಣಗೆ. ಅದರ ಹತ್ತಿರ ಉಳ್ಕೊಂಡವು ಮಾತ್ರ ಬೇಸಿಗೆ ದಾಟ್ತವೆ."

"ದಾಟಿದ್ದು ಅಂತ ಗೊತ್ತಾಗತ್ತಾ?"

"ಗೊತ್ತಾಗ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಬೆಳೆದ ಮೀನಿನ ರೆಕ್ಕೆ ಉಜ್ಜಿ ಉಜ್ಜಿ ಸವೆದಿರ್ತದೆ. ಒಂದು ಬೇಸಿಗೆ ನದಿಯಲ್ಲಿ ಕಳೆದ್ರೆ ಪೂರ್ತಿ ಬೆಳೀತದೆ, ಮೈಗೆ ಬಣ್ಣ ಏರ್ತದೆ. ನೋಡ್ಲಿಕ್ಕೆ ಎರಡು ಕಣ್ಣು ಸಾಲದು. ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಬೆರಳೆಣಿಕೆ."

ಅನುಸೂಯಾ ಡ್ಯಾಮಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತರಕಾರಿ ತರಲು ಹೇಳುವ ದನಿಯಲ್ಲಿ, "ಹಾಗಾದ್ರೆ ಇಲ್ಲೇ ಹೂ ಕೇಳ್ತೀನಿ ರೀ. ಇವತ್ತು ಬೇಸಿಗೆ ದಾಟಿದ ಮೀನು ಸಿಕ್ರೆ ಔಷಧಿ ತಗೋತೀನಿ. ಇಲ್ಲಾಂದ್ರೆ ಇಲ್ಲ" ಎಂದಳು.

ಬೆರಳೆಣಿಕೆ ಎಂದಿದ್ದರಲ್ಲ ತಿಮ್ಮಯ್ಯ, ಅದೂ ವರ್ಷಗಟ್ಟಲೆ ಹಿಡಿದವರು.

"ತಲೆಗಿಲೆ ಕೆಟ್ಟಿದ್ಯಾ ಅನು? ಲಾರೀಲಿ ತಂದು ಸುರಿದ ಮೀನು ನಿಂಗೆ ದೇವರಾ?"

"ಗುಡೀಲಿ ಹೂ ಎಲ್ಲಿಂದ ಬರ್ತಿತ್ತು? ಮಾರ್ಕೆಟ್ಟಿಂದ ತಾನೆ?"

ಸೋಮವಾರದ ವಿಷಯ ತಿಮ್ಮಯ್ಯನವರಿಗೆ ಗೊತ್ತಿರಲಿಲ್ಲ, ಆದರೆ ನನ್ನ ಮುಖ ನೋಡಿ ಏನೋ ಅಂದಾಜಾಗಿರಬೇಕು. ಅವರು ನಗುವುದನ್ನು ನಿಲ್ಲಿಸಿ, ಅವಳ ಕೈಗೆ ಗಾಳದ ಕೋಲು ಕೊಟ್ಟು, ಎಸೆಯುವುದನ್ನು ಕಲಿಸತೊಡಗಿದರು. ಮೊಣಕೈ ಪಕ್ಕೆಗೆ ಇರಲಿ, ಮುಂಗೈ ಮಾತ್ರ ಹೋಗಲಿ, ಹಿಂದಕ್ಕೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ, ಆಮೇಲೆ ಮುಂದಕ್ಕೆ.

ಮೊದಮೊದಲು ದಾರ ಅವಳ ಟೋಪಿಗೆ ಸುತ್ತಿಕೊಂಡಿತು. ಆಮೇಲೆ ಸೈಪ್ರೆಸ್ ಕೊಂಬೆಗೆ. ಒಂದು ಸಲ ನನ್ನ ಜಾಕೆಟ್ಟಿಗೇ. "ದೊಡ್ಡ ಮೀನೇ ಬಿತ್ತು, ಆದ್ರೆ ಮೂಗು ಸೋರ್ತಿದೆ" ಎಂದಳು. ಕಣ್ಣಲ್ಲಿ ನೋವಿನ ನೀರು, ಬಾಯಲ್ಲಿ ತಮಾಷೆ. ನಡುವೆ ದಂಡೆಗೆ ಬಂದು, ಕಲ್ಲಿನ ಮೇಲೆ ಕೂತು, ಪುಳಿಯೋಗರೆ ತಿಂದೆವು. ಅವಳು ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತಿದ್ದಳು. ಸಾಕು, ಹೊರಡೋಣ ಎನ್ನಲು ನನಗೆ ಧೈರ್ಯ ಬರಲಿಲ್ಲ. ಹೊರಟರೆ ಹೂ ಬೀಳಲಿಲ್ಲ ಎಂದೇ ಲೆಕ್ಕ.

ಊಟದ ನಂತರ ತಿಮ್ಮಯ್ಯ, ನೀವು ಗಂಡಹೆಂಡತಿ ಇರಿ ಎಂದು ಹೇಳಿ ಬಂಡೆಯ ಆಚೆಯ ತಿರುವಿಗೆ ಹೋದರು. ನಾವಿಬ್ಬರೂ ಮತ್ತೆ ನೀರಿಗಿಳಿದೆವು, ನನ್ನ ಕೈಯಲ್ಲಿ ಬಲೆಯ ಚೀಲ. ಸೂರ್ಯ ಮರಗಳ ಮೇಲೆ ಬಂದಿದ್ದ. ಅನುಸೂಯಾ ಕೋಲು ಎತ್ತಿದಳು. ದಾರ ಅವಳ ಹಿಂದೆ ಗಾಳಿಯಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು, ಒಂದು ಕ್ಷಣ ಪೂರ್ತಿ ನೇರವಾಗಿ ನಿಂತಿತು, ಮತ್ತೆ ಅವಳ ತಲೆಯ ಮೇಲಿಂದ ಸದ್ದಿಲ್ಲದೆ ಹಾದು ನದಿಯ ನಡುವಿಗೆ ಹೋಗಿ ಮಲಗಿತು. ಕಂಕುಳಿನಿಂದ ಎದೆಯವರೆಗೆ ಹೊಲಿಗೆ ಬಿದ್ದ ಅದೇ ಮೈಯಿಂದ ಬಂದ ಎಸೆತ ಅದು. ನಾನು ಅವಳನ್ನು ಮೊದಲ ಸಲ ನೋಡಿದವನಂತೆ ನೋಡುತ್ತ ನಿಂತೆ.

ಆಗ ದಾರ ನಿಂತುಬಿಟ್ಟಿತು.

"ರೀ!" ಎಂದು ಕೂಗಿದಳು. "ರೀ, ಎಳೀತಿದೆ!"

ಕೋಲು ಬಿಲ್ಲಾಯಿತು. ನೀರು ಸೀಳಿ ಒಂದು ಮೀನು ಮೇಲಕ್ಕೆ ಹಾರಿತು. ಬೆಳ್ಳಿಯ ಮೈ, ಪಕ್ಕೆಯುದ್ದಕ್ಕೂ ಕುಂಕುಮ ಬಳಿದಂಥ ಪಟ್ಟೆ. ಹಾರಿದಲ್ಲೇ ಮೈ ಕೊಡವಿತು, ಮತ್ತೆ ಬಿತ್ತು, ಮತ್ತೆ ಓಡಿತು. ಆ ಪುಟ್ಟ ಮೈಯಲ್ಲಿ ಅಷ್ಟೊಂದು ಜೀವ ಎಲ್ಲಿತ್ತು? ಅನುಸೂಯಾ ಎರಡೂ ಕೈಯಲ್ಲಿ ಕೋಲು ಹಿಡಿದು ಬೆನ್ನು ಬಗ್ಗಿಸಿ ನಿಂತಿದ್ದಳು. "ಕಂಕುಳಿನವರೆಗೂ ಬರ್ತಿದೆ ರೀ ಎಳೆತ," ಎಂದಳು, "ಜೋಮು ಹಿಡಿದ ಜಾಗಕ್ಕೂ ಗೊತ್ತಾಗ್ತಿದೆ!"

ಕೊನೆಗೆ ಅದು ದಣಿದು ನನ್ನ ಕಾಲ ಬಳಿಗೆ ಬಂತು. ನಾನು ಬಲೆ ಒಡ್ಡಿದೆ. ನೀರಿನಲ್ಲೇ ಇಟ್ಟುಕೊಂಡು ಬಗ್ಗಿ ನೋಡಿದೆ.

ಬೆನ್ನಿನ ರೆಕ್ಕೆ ಹಳೆಯ ಟೂತ್‌ಬ್ರಷ್ಷಿನ ಹಾಗೆ ಮೊಂಡಾಗಿತ್ತು. ಎದೆಯ ರೆಕ್ಕೆಗಳೂ ತುದಿ ಸವೆದು ಸುತ್ತಿಕೊಂಡಿದ್ದವು. ನಿನ್ನೆ ಮೊನ್ನೆ ಲಾರಿಯಿಂದ ಇಳಿದ ಮೀನು. ಜೂನ್ ಹೇಗಿರುತ್ತದೆ ಎಂದೇ ಗೊತ್ತಿಲ್ಲದ ಮೀನು.

ಅನುಸೂಯಾ ಇನ್ನೂ ದಾರ ಸುತ್ತುತ್ತ ಹತ್ತಿರ ಬರುತ್ತಿದ್ದಳು. "ಹೇಗಿದೆ ರೀ ರೆಕ್ಕೆ?"

"ಪೂರ್ತಿ ಇದೆ ಅನು," ಎಂದೆ. "ಬೆಳೆದಿದೆ. ಇದು ಬೇಸಿಗೆ ದಾಟಿದ್ದೇ." ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಅವಳು ನನ್ನ ಪಕ್ಕ ಬಗ್ಗಿ ಬಲೆಯೊಳಗೆ ನೋಡಿದಳು. ನಂತರ ನನ್ನ ಮುಖ ನೋಡಿದಳು. ನಾನು ಅಳುವಿನ ಅಂಚಿನಲ್ಲಿದ್ದೆ. ಅವಳು ಮಾತ್ರ ನಕ್ಕುಬಿಟ್ಟಳು. ಆಸ್ಪತ್ರೆ ಶುರುವಾದ ಮೇಲೆ ನಾನು ಕೇಳಿರದ, ಹೊಟ್ಟೆಯಿಂದ ಬಂದ ನಗು.

"ಟೊಮೆಟೊ ಮೆತ್ತಗಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟುಬರೋ ಮನುಷ್ಯ ನೀವು. ನದೀಲಿ ನಿಂತು ಸುಳ್ಳು ಹೇಳ್ತೀರಲ್ರೀ!"

"ನಂಗೆ ಭಯ ಅನು," ಎಂದೆ. "ನೀನಿಲ್ಲದೆ ನಂಗೆ ಬದುಕೋಕೆ ಬರಲ್ಲ."

ಅವಳ ನಗು ನಿಂತಿತು. ಕೈಯನ್ನು ನೀರಿನಲ್ಲಿ ಅದ್ದಿ, ಬಲೆಯೊಳಗೆ ಇಳಿಸಿ, ಮೀನಿನ ಹೊಟ್ಟೆಯ ಕೆಳಗೆ ಅಂಗೈ ಒಡ್ಡಿದಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ. ಕೊಕ್ಕೆಯನ್ನು ಮೆಲ್ಲಗೆ ಬಿಡಿಸಿದಳು. ಮೀನು ಕಿವಿರು ತೆರೆದು ಮುಚ್ಚುತ್ತ ಅವಳ ಅಂಗೈಯ ಮೇಲೆ ನಿಂತಿತ್ತು. ಮೈತುಂಬ ಕಪ್ಪು ಚುಕ್ಕೆ, ಪಟ್ಟೆಯಲ್ಲಿ ಗುಲಾಬಿ, ಹಸಿರು, ಹೆಸರಿಲ್ಲದ ಇನ್ನೊಂದು ಬಣ್ಣ. ಸವೆದ ರೆಕ್ಕೆಯಲ್ಲೇ ನೀರನ್ನು ಸಮನಾಗಿ ಬೀಸುತ್ತಿತ್ತು. ನಾವಿಬ್ಬರೂ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಮಾತು ಬಿಟ್ಟು ನೋಡಿದೆವು.

"ಈ ರೆಕ್ಕೆ ಇಟ್ಕೊಂಡು ಹಾಗೆ ಎಳೀತಲ್ಲ ರೀ ಇದು," ಎಂದಳು.

ನಾನು ಹೂಂ ಎಂದೆ.

"ಎಡಕ್ಕೆ ಹೂ ಬಿದ್ರೆ ನಮ್ಮಮ್ಮ ಏನ್ ಮಾಡ್ತಿದ್ರು ಗೊತ್ತಾ? ಎದ್ದು ಮನೆಗೆ ಬರ್ತಿರಲಿಲ್ಲ. ಅಲ್ಲೇ ಕೂತು, ಇನ್ನೊಂದು ಸಲ ಕೇಳ್ತೀನಿ ತಾಯಿ ಅಂತಿದ್ರು. ಬಲಕ್ಕೆ ಬೀಳೋವರೆಗೂ." ಅವಳು ಮೀನಿನ ಮೂತಿಯನ್ನು ಅಣೆಕಟ್ಟಿನ ಕಡೆಗೆ, ತಣ್ಣೀರು ಬರುವ ಕಡೆಗೆ ತಿರುಗಿಸಿದಳು. "ಮುಂದಿನ ಫೆಬ್ರವರಿ ಬಂದು ಇದನ್ನೇ ಕೇಳ್ತೀನಿ. ಡಾಕ್ಟರಿಗೆ ನಾಳೆ ನೀವೇ ಹೇಳಿ, ಔಷಧಿ ಶುರು ಮಾಡ್ಲಿ, ಅಷ್ಟರೊಳಗೆ ನಾನು ಎದ್ದು ನಿಂತಿರಬೇಕು ಅಂತ."

"ಹೇಳ್ತೀನಿ ಅನು," ಎಂದೆ.

"ಮೇಲಕ್ಕೆ ಹೋಗು," ಎಂದಳು ಮೀನಿಗೆ. "ತಣ್ಣಗಿರೋ ಕಡೆಗೆ. ಕೆಳಗಡೆ ಹೋಗಬೇಡ, ಹೇಳಿದ್ದೀನಿ."

ಬಲೆ ಕೆಳಗಿಳಿಸಿದೆ. ಅವಳ ಅಂಗೈ ತೆರೆದೇ ಇತ್ತು, ಆದರೂ ಮೀನು ತುಸು ಹೊತ್ತು ಅಲ್ಲೇ ನಿಂತಿತು. ಆಮೇಲೆ ಬಾಲ ಒಂದು ಸಲ ಬೀಸಿತು. ಹರಿವಿಗೆ ಎದುರಾಗಿ ಹೋಗುವ ನೆರಳೊಂದು ಕಲ್ಲುಗಳ ಮೇಲೆ ಕಂಡಿತು, ಮತ್ತೆ ಕಾಣಲಿಲ್ಲ.

ನಮ್ಮ ಗಲಾಟೆ ಕೇಳಿ ತಿಮ್ಮಯ್ಯ ನೀರು ಎರಚುತ್ತ ತಿರುವಿನಿಂದ ಓಡಿಬಂದರು.

"ಸಿಕ್ತಾ ಅನುಸೂಯಾ ಅವ್ರೇ? ಬೇಸಿಗೆ ದಾಟಿದ್ದಾ?"

ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳಲಿಲ್ಲ.

"ಇನ್ನೂ ಇಲ್ಲ ತಿಮ್ಮಯ್ಯನವ್ರೇ," ಎಂದಳು. "ದಾಟತ್ತೆ."