ನಾಲ್ಕನೇ ಲೈನು

ಅಮೆರಿಕದ ಟೊಲೀಡೊ ಊರಿನ ಎ.ಎಂ. ರೇಡಿಯೋದಲ್ಲಿ ವಾರಕ್ಕೆ ಐದು ದಿನ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಡ್ವೇನ್ ಹ್ಯಾಕೆಟ್‌ನದೇ ದರ್ಬಾರು. ಮೇಯರ್‌ನಿಂದ ಹಿಡಿದು ಕಸ ಎತ್ತುವವರವರೆಗೆ ಎಲ್ಲರಿಗೂ ಮಂಗಳಾರತಿ ಮಾಡುವ ಪುಣ್ಯಾತ್ಮ. ಸ್ಟುಡಿಯೋ ಗಾಜಿನ ಈಚೆ ಕೂತು, ಜನರ ಫೋನು ಎತ್ತಿ, ಹೆಸರು ಬಡಾವಣೆ ಕೇಳಿಕೊಂಡು ಅವನತ್ತ ದಾಟಿಸುವವಳು ರಮೋನಾ. ಹತ್ತೊಂಬತ್ತು ವರ್ಷದಿಂದ ಊರಿಗೆ ಊರೇ ಅವಳ ಕಿವಿಯಲ್ಲಿ ಹಾದುಹೋಗಿದೆ. ಅವಳ ಹೆಸರು ಯಾರಿಗಾದರೂ ಗೊತ್ತಾ ಅಂದರೆ, ಊಹೂಂ.

ಒಬ್ಬಳಿಗೆ ಗೊತ್ತಿತ್ತು. ಎಂಬತ್ತೊಂದರ ಮುದುಕಿ ವರ್ಲಾ ದಿನಾ ಹನ್ನೆರಡೂ ಐದಕ್ಕೆ ಫೋನ್ ಮಾಡುತ್ತಿದ್ದಳು. ಒಬ್ಬರಿಗೆ ವಾರಕ್ಕೊಂದೇ ಸಲ ಮಾತು ಎಂಬುದು ಹ್ಯಾಕೆಟ್‌ನ ಕಾನೂನು. ಉಳಿದ ನಾಲ್ಕು ದಿನ ಮುದುಕಿ ನಾಲ್ಕನೇ ಲೈನಿನಲ್ಲಿ ಸುಮ್ಮನೆ ಕಾಯುತ್ತಿದ್ದಳು, ಮೂರೂ ಗಂಟೆ! ಕಾಲು ಗಂಟೆಗೊಮ್ಮೆ ರಮೋನಾ ಗುಂಡಿ ಒತ್ತಿ ವಿಚಾರಿಸಬೇಕು.

"ಇದ್ದೀರಾ ವರ್ಲಾ ಅಮ್ಮಾ?"

"ಇನ್ನೂ ಸತ್ತಿಲ್ಲ ಕಣೇ. ಏನು ತಂದಿದೀಯ ಇವತ್ತು? ಮತ್ತೆ ಅದೇ ಮೀನಿನ ಸ್ಯಾಂಡ್‌ವಿಚ್ಚಾ? ಹೋದ ಜನ್ಮದಲ್ಲಿ ಬೆಕ್ಕಾಗಿದ್ದೆ ನೀನು."

ಏನು ತಿಂದೆ ಅಂತ ರಮೋನಾಳನ್ನು ಕೇಳುವ ಜೀವ ಭೂಮಿ ಮೇಲೆ ಅದೊಂದೇ. ಮನೆಯಲ್ಲಿ ಅವಳ ಫೋನು ಬಡಿದುಕೊಳ್ಳುವುದೇ ಇಲ್ಲ. ಆದರೂ ಮುದುಕಿಗೆ ತಾನು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು, ನೋಡಿ!

ಒಂದು ಸೋಮವಾರ ಜಾಹೀರಾತಿನ ನಡುವೆ ಹ್ಯಾಕೆಟ್ ರೇಗಿದ. "ಆ ನಾಲ್ಕನೇ ಲೈನು ಯಾವಾಗ್ ನೋಡಿದ್ರೂ ಭರ್ತಿ. ಹೊಸಬ್ರು ಮಾಡಿದ್ರೆ ಎಂಗೇಜು. ಇದೇನು ರೇಡಿಯೋನಾ, ವೃದ್ಧಾಶ್ರಮಾನಾ? ಇನ್ಮೇಲೆ ಮಾಡ್ಬೇಡಿ ಅನ್ನು ಆ ಅಜ್ಜಿಗೆ."

ರಮೋನಾ ಹಲ್ಲುಕಚ್ಚಿಕೊಂಡು ಹೇಳಿದಳು.

"ಅಷ್ಟೇ ತಾನೆ?" ಅಂದಳು ವರ್ಲಾ. "ನಿನ್ನ ಮನೆ ನಂಬರ್ ಕೊಡು, ಸಂಜೆ ಮಾಡ್ತೀನಿ."

"ಕೇಳುಗರಿಗೆ ನಂಬರ್ ಕೊಡೋ ಹಾಗಿಲ್ಲಮ್ಮ. ಸ್ಟೇಷನ್ ರೂಲ್ಸು."

"ಓಹೋ, ಕೇಳುಗರಲ್ಲಿ ಒಬ್ಬಳು ಅನ್ನು ನಾನು! ಸರಿ ಬಿಡು."

ಮಂಗಳವಾರ ನಾಲ್ಕನೇ ಲೈನಿನಲ್ಲಿ ಯಾರೋ ತೆರಿಗೆ ಬಗ್ಗೆ ಕೂಗಾಡಿದ. ಬುಧವಾರ ಇನ್ಯಾರೋ. ರಮೋನಾಳ ಮೀನಿನ ಸ್ಯಾಂಡ್‌ವಿಚ್ಚು ಎರಡು ದಿನವೂ ಡಬ್ಬಿಯಲ್ಲೇ ಉಳಿಯಿತು. ಪಾಪ, ಒಂಟಿ ಮುದುಕಿ, ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಅಂತ ನೆಪ ಹೇಳಿಕೊಂಡಳು. ಶುದ್ಧ ಸುಳ್ಳು. ದಿಕ್ಕೆಟ್ಟಿದ್ದವಳು ಇವಳೇ. ಗುರುವಾರ ಒಂದೂವರೆಯ ವಾರ್ತೆ ಶುರುವಾದ ಕೂಡಲೇ, ಕಂಪ್ಯೂಟರಿನಲ್ಲಿ ಉಳಿದಿದ್ದ ನಂಬರು ಹುಡುಕಿ, ರೂಲ್ಸು ಹಾಳಾಗಲಿ ಅಂತ ತಾನೇ ಫೋನ್ ಮಾಡಿದಳು.

"ಯಾರದು?"

"ನಾನಮ್ಮ, ರಮೋನಾ. ಹೇಗಿದ್ದೀರಿ ಅಂತ..."

"ಅಯ್ಯೋ, ನೀನಾ! ಇನ್ನೊಂದು ಕೈಲಿ ಮೊಬೈಲು, ಅದ್ರಲ್ಲಿ ಬೇರೆ ಸ್ಟೇಷನ್ನಿಗೆ ಮಾಡಿದೀನಿ ಕಣೇ. ಬರೀ ಆಟದ ಸುದ್ದಿಯೋರು. ಬೇಸ್‌ಬಾಲ್ ಅಂದ್ರೆ ನಂಗೆ ತಲೆನೋವು. ಆದ್ರೆ ಫೋನ್ ಎತ್ತೋ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿಸ್ತಾಳೆ ಗೊತ್ತಾ, ಹತ್ತು ನಿಮಿಷಕ್ಕೊಂದ್ಸಲ! ಇಗೋ, ಲೈನಿಗೆ ಬಂದ್ಲು. ಒಂಚೂರು ಕಾಯ್ತೀಯಾ?"

"ಕಾಯ್ತೀನಮ್ಮ."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ದೂರದಲ್ಲಿ ವರ್ಲಾ ಯಾರೊಡನೆಯೋ ನಗುವುದು ಕೇಳಿಸಿತು. ವಾರ್ತೆ ಮುಗಿಯಿತು. ಗಾಜಿನಾಚೆ ಹ್ಯಾಕೆಟ್ ಯಾರನ್ನಾದರೂ ಲೈನಿಗೆ ಕೊಡೇ ಅಂತ ಎರಡೂ ಕೈ ಬೀಸುತ್ತಿದ್ದ. ರಮೋನಾ ಫೋನು ಕಿವಿಗೊತ್ತಿಕೊಂಡು ಕೂತೇ ಇದ್ದಳು.