ಎರಡನೆಯ ಮದ್ದು

ತಾರಾನಾಥ ಬಾವಿಯಿಂದ ಎರಡನೇ ಕೊಡಪಾನವನ್ನೂ ಮೇಲಕ್ಕೆಳೆದು ಅಂಗಳಕ್ಕೆ ಚೆಲ್ಲಿದ. ಅದರ ನೀರೂ ನೇರಳೆಯಾಗಿತ್ತು. ಜಗಲಿಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಸೋದರಮಾವ ದುಗ್ಗಪ್ಪನ ಹೆಣಕ್ಕೆ ಸ್ನಾನ ಆಗಬೇಕಿತ್ತು, ಬಾಯಿಗೆ ಕೊನೆಯ ನೀರು ಬಿಡಬೇಕಿತ್ತು. ಎರಡಕ್ಕೂ ಮನೆಯ ಬಾವಿಯ ನೀರೇ ಆಗಬೇಕು.

“ಅತ್ತೆ, ಬಾವಿಗೆ ಮದ್ದು ಹಾಕಿದ್ದು ಯಾರು?”

ವಾರಿಜಾಕ್ಷಿ ಎದ್ದು ಬಂದು ಬಾವಿಗೆ ಇಣುಕಿದಳು. ಊರ ಬಾವಿಗಳಿಗೆಲ್ಲ ಮದ್ದು ಹಾಕುವ ನೌಕರಿಯಲ್ಲಿದ್ದ ಅವಳ ಗಂಡ ಎಂಟು ದಿನ ಆಸ್ಪತ್ರೆಯಲ್ಲಿದ್ದು, ಆ ಬೆಳಿಗ್ಗೆಯಷ್ಟೇ ಹೆಣವಾಗಿ ಬೈಕಂಪಾಡಿಯ ಮನೆಗೆ ಬಂದಿದ್ದ. ಮದ್ದಿನ ಪೆಟ್ಟಿಗೆಗೆ ಬೀಗ ಹಾಕಿತ್ತು, ಬೀಗದ ಕೈ ಅವನ ಉಡಿದಾರದಲ್ಲಿತ್ತು. ಬಾವಿಗೆ ಹಾಕುವ ಪರ್ಮಾಂಗನೇಟಿನ ನೇರಳೆ ಹರಳಿನ ಬಣ್ಣವೋ, ಒಂದು ದಿನಕ್ಕಿಂತ ಹೆಚ್ಚು ನಿಲ್ಲುವಂಥದ್ದಲ್ಲ. ಸೇರಿದವರು ಒಬ್ಬೊಬ್ಬರಾಗಿ ಬಾವಿಕಟ್ಟೆಯಿಂದ ದೂರ ಸರಿದರು.

*

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ದುಗ್ಗಪ್ಪ ಇದೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಇನ್ನು ಹೆದರದೆ ಕುಡಿಯಿರಿ ಎಂದಿದ್ದ. ಒಂಬತ್ತು ವರ್ಷದ ಮಗಳು ಹೇಮಾಕ್ಷಿ ಕುಡಿದಳು. ರಕ್ತಭೇದಿಯಾಗಿ ವಾರದೊಳಗೆ ಹೋಗಿಬಿಟ್ಟಳು. ಚಿಪ್ಪಿನೊಳಗೆ ಅಡಗುವ ಕಣ್ಣಿಗೆ ಕಾಣದ ಹುಳಕ್ಕೆ ಆ ಪುಡಿಯೊಂದೇ ಸಾಲದು ಎಂದು ಡಾಕ್ಟರರು ಆಮೇಲೆ ಹೇಳಿದರು.

ಅಂದಿನಿಂದ ಅವನದು ಎರಡು ಮದ್ದು. ವಾರಕ್ಕೊಮ್ಮೆ ಸಂಜೆ ನೇರಳೆ ಹರಳು, ಮರುದಿನ ಬಣ್ಣ ಇಳಿದ ಮೇಲೆ ಬ್ಲೀಚಿಂಗ್. ಆಫೀಸಿನವರು ನಕ್ಕರು, ಅವನು ಬಿಡಲಿಲ್ಲ.

“ಒಂದು ಚಿಪ್ಪು ಒಡೀತದೆ, ಇನ್ನೊಂದು ಒಳಗೆ ಹೋಗಿ ಕೊಲ್ತದೆ. ಈಗ ಕುಡಿ ಮಾರಾಯ್ತಿ,” ಎಂದು ತಾನೊಂದು ಲೋಟ ಕುಡಿದು, ಇನ್ನೊಂದನ್ನು ಹೆಂಡತಿಗೆ ಚಾಚುತ್ತಿದ್ದ.

ವಾರಿಜಾಕ್ಷಿ ಕೊಡ ಎತ್ತಿಕೊಂಡು ಪಕ್ಕದ ಮನೆಯ ರೊಸಾಲಿನ್ ಬಾಯಿಯ ಬಾವಿಗೆ ಹೋಗುತ್ತಿದ್ದಳು. ಹಠ ಎಂದರೆ ಹಠ, ಹನ್ನೊಂದು ವರ್ಷ ಹಾಗೆಯೇ ಹೋದಳು. ಆ ಲೋಟ ನೋಡಿದಾಗಲೆಲ್ಲ ಅವಳಿಗೆ ಹೇಮಾಕ್ಷಿ ಕುಡಿದ ನೀರು ನೆನಪಾಗುತ್ತಿತ್ತು.

*

ತನ್ನ ಬಾವಿಯ ನೀರು ತರಲೇ ಎಂದು ರೊಸಾಲಿನ್ ಬಾಯಿ ಮೆಲ್ಲಗೆ ಕೇಳಿದಳು.

“ಬೇಡ,” ಎಂದಳು ವಾರಿಜಾಕ್ಷಿ. “ಒಂದು ಮದ್ದು ಅವರು ಹಾಕಿದ್ದಾರೆ. ಇನ್ನೊಂದು ಬಾಕಿ ಉಂಟು.”

ಬಣ್ಣ ಇಳಿಯುವಾಗ ಮಧ್ಯಾಹ್ನವಾಯಿತು. ಅವಳು ಗಂಡನ ಉಡಿದಾರದಿಂದ ಬೀಗದ ಕೈ ಬಿಡಿಸಿದಳು. ಪೆಟ್ಟಿಗೆ ತೆರೆದು, ಬ್ಲೀಚಿಂಗ್ ಪುಡಿಯನ್ನು ನೀರಲ್ಲಿ ಕದಡಿ, ಮೇಲಿನ ತಿಳಿಯನ್ನು ಬಾವಿಗೆ ಸುರಿದಳು. ಇನ್ನೊಂದು ಗಂಟೆ ಎಲ್ಲರನ್ನೂ ಕಾಯಿಸಿದಳು. ಹೊತ್ತು ಮೀರುತ್ತದೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ತಾರಾನಾಥ ನೀರು ಸೇದಿ ಲೋಟಕ್ಕೆ ತುಂಬಿ ಕೊಟ್ಟ. ಅವಳು ಅದರಲ್ಲಿ ಅರ್ಧವನ್ನು ತಾನೇ ಕುಡಿದಳು.

ಸ್ನಾನಕ್ಕೆಂದು ತಾರಾನಾಥ ಬಿಳಿ ಬಟ್ಟೆ ಪೂರ್ತಿ ಸರಿಸಿ, ಅಲ್ಲೇ ನಿಂತ. ದುಗ್ಗಪ್ಪನ ಬಲಗೈಯ ಬೆರಳ ತುದಿಗಳು ನೇರಳೆಯಾಗಿದ್ದವು, ಇನ್ನೂ ಒದ್ದೆಯಾಗಿದ್ದವು.

ವಾರಿಜಾಕ್ಷಿ ಆ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡು, ಲೋಟದಲ್ಲಿ ಉಳಿದ ನೀರನ್ನು ಅವನ ಬಾಯಿಗೆ ಬಿಟ್ಟಳು. ಕೈ ಬಿಟ್ಟಾಗ ಅವಳ ಅಂಗೈಯಲ್ಲೂ ಐದು ನೇರಳೆ ಬೊಟ್ಟುಗಳಿದ್ದವು.